ವೆಬ್‌ಕಾಮಿಕ್‌ಗೊಂದು ಓದುಗ ಬಳಗ: ದಾವಣಗೆರೆ–ಹರಿಹರದ ಕಲಾವಿದರಿಗೆ ಕೈಪಿಡಿ

ಮುದ್ರಣಕ್ಕೆ ಕಾಯದೆ ಮೊದಲು ಅಂತರಜಾಲದಲ್ಲಿಯೇ ಕಂತುಕಂತಾಗಿ ಪ್ರಕಟವಾಗುವ ಚಿತ್ರಕಥೆಗೆ ವೆಬ್‌ಕಾಮಿಕ್ ಎಂಬ ಹೆಸರು ಬಳಕೆಯಲ್ಲಿದೆ. ಮೂರು–ನಾಲ್ಕು ಚೌಕಟ್ಟುಗಳ ನಗೆಪಟ್ಟಿಯಿಂದ ಹಿಡಿದು, ಮೊಬೈಲ್ ಪರದೆಯ ಮೇಲೆ ಬೆರಳಿನಿಂದ ಸರಿಸುತ್ತ ಓದುವ ಉದ್ದನೆಯ ಧಾರಾವಾಹಿಯವರೆಗೆ ಅದರ ರೂಪಗಳು ಹಲವು. ಬರೆದು ಪ್ರಕಟಿಸುವ ಖರ್ಚು ಇಲ್ಲಿ ಬಹಳ ಕಡಿಮೆಯಾದ್ದರಿಂದ ಕಥೆ ಆರಂಭಿಸುವುದು ಸುಲಭ. ಹತ್ತನೆಯ ಕಂತಿನ ಹೊತ್ತಿಗೂ ಅದನ್ನು ಕಾದು ಓದುವವರನ್ನು ಉಳಿಸಿಕೊಳ್ಳುವುದು ಕಷ್ಟ. ಮೆಚ್ಚುಗೆಯ ಗುರುತು ಒತ್ತಿ ಮುಂದೆ ಸಾಗುವವರ ಸಂಖ್ಯೆ ಎಷ್ಟೇ ಬೆಳೆದರೂ ಅದು ಬಳಗವಾಗುವುದಿಲ್ಲ. ಕಥೆಯ ನೆಪದಲ್ಲಿ ಓದುಗರು ಒಬ್ಬರೊಡನೊಬ್ಬರು ಮಾತಿಗಿಳಿದಾಗ, ತಮಗೂ ಇಲ್ಲೊಂದು ಕೆಲಸವಿದೆ ಎಂದು ಅವರಿಗೆ ಅನ್ನಿಸಿದಾಗ ಬಳಗ ಹುಟ್ಟುತ್ತದೆ. ದಾವಣಗೆರೆ ಮತ್ತು ಹರಿಹರದಂತಹ, ನಡುವೆ ಸುಮಾರು 14 ಕಿಲೋಮೀಟರ್ ಅಂತರವಿರುವ ಜೋಡಿ ಊರುಗಳಲ್ಲಿ ಅಂತಹ ಬಳಗವನ್ನು ಕಟ್ಟಲು ಬಯಸುವ ಕಲಾವಿದರಿಗೆ ಉಪಯೋಗವಾಗಬಹುದಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಹಿಂದಿನ ಪಾಠಗಳು

ಓದುಗರನ್ನು ಕೃತಿಯ ಒಳಕ್ಕೆ ಕರೆದುಕೊಳ್ಳುವ ಪದ್ಧತಿ ಅಂತರಜಾಲಕ್ಕಿಂತ ಹಳೆಯದು. 1942ರಲ್ಲಿ ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಆರಂಭಿಸಿ ಕಾಲು ಶತಮಾನ ನಡೆಸಿದ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆ ಆರ್.ಕೆ. ಲಕ್ಷ್ಮಣ್ ಅವರ ಆರಂಭದ ಚಿತ್ರಗಳಿಗೂ ಟಿ. ಸುನಂದಮ್ಮನವರ ನಗೆಬರಹಗಳಿಗೂ ಜಾಗ ಕೊಟ್ಟು, ಬರೆಯುವವರ ಮತ್ತು ಓದುವವರ ಒಂದು ಕೂಟವನ್ನೇ ಬೆಳೆಸಿತು. ಪತ್ರಿಕೆ ನಿಂತ ಮೇಲೂ ಆ ನಂಟು ಕಡಿಯದಿದ್ದುದರಿಂದ 1983ರಲ್ಲಿ ಅದೇ ಪರಂಪರೆಯ ‘ಅಪರಂಜಿ’ ಹೊರಬರುವುದು ಸಾಧ್ಯವಾಯಿತು.

ಚಿತ್ರಕಥೆಗೆ ಇನ್ನೂ ಹತ್ತಿರದ ಉದಾಹರಣೆ ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರದು. 1967ರಲ್ಲಿ ‘ಅಮರ ಚಿತ್ರ ಕಥಾ’ ಮಾಲೆಯನ್ನು ಆರಂಭಿಸಿದ ಅವರು 1980ರಲ್ಲಿ ಹೊರತಂದ ‘ಟಿಂಕಲ್’ ಪತ್ರಿಕೆಯ ಮೂಲಕ ಮಕ್ಕಳಿಗೆ ‘ಅಂಕಲ್ ಪೈ’ ಆದರು, ಓದುಗರು ಕಳಿಸಿದ ಕಥೆಗಳನ್ನು ಚಿತ್ರಕ್ಕೆ ಅಳವಡಿಸಿದರು. ಆ ಪತ್ರಿಕೆಯ ಅತ್ಯಂತ ಜನಪ್ರಿಯ ಪಾತ್ರವಾದ ಸುಪ್ಪಾಂಡಿ ಸಂಪಾದಕರ ಕೋಣೆಯಲ್ಲಿ ಹುಟ್ಟಿದವನಲ್ಲ, ತಿರುಚಿರಾಪಳ್ಳಿಯ ಪಿ. ವರದರಾಜನ್ ಕಳಿಸಿದ ಕಥೆಗಳಿಂದ 1983ರಲ್ಲಿ ರೂಪುಗೊಂಡವನು. ಓದುಗರ ಅಂಚೆಗೆ ಬಾಗಿಲು ತೆರೆದಿದ್ದರಿಂದ ಆ ಪಾತ್ರ ದೊರೆಯಿತು ಎಂಬುದನ್ನು ವೆಬ್‌ಕಾಮಿಕ್ ಬರೆಯುವವರು ಗಮನಿಸಬೇಕು.

ದಾವಣಗೆರೆಯವರಿಗಂತೂ ಇಂತಹ ನಂಟು ಹೊಸದಲ್ಲ. ಚಿಂದೋಡಿ ಲೀಲಾ ಅವರ ಹೆಸರಿನೊಡನೆ ಬೆಸೆದುಕೊಂಡಿರುವ ಕೆ.ಬಿ.ಆರ್. ಡ್ರಾಮಾ ಕಂಪನಿಗೆ ಈ ಊರೇ ನೆಲೆ. ಊರೂರಿಗೆ ಹೋಗಿ ಕ್ಯಾಂಪ್ ಹಾಕುತ್ತಿದ್ದ ವೃತ್ತಿ ನಾಟಕ ಕಂಪನಿಗಳ ಹಾಸ್ಯನಟರು ಆಯಾ ಊರಿನ ಪೇಟೆ, ಸಂತೆ, ಮಾತಿನ ಧಾಟಿಗಳನ್ನು ಸಂಭಾಷಣೆಯಲ್ಲಿ ಸೇರಿಸಿ, ಪ್ರೇಕ್ಷಕರ ಪ್ರತಿಕ್ರಿಯೆ ನೋಡಿಕೊಂಡು ಮರುದಿನದ ಆಟವನ್ನು ತಿದ್ದುವ ರೂಢಿಯಿತ್ತು. ಕಂತುಕಂತಾಗಿ ಬರುವ ಚಿತ್ರಕಥೆಗೂ ಇದೇ ಅನುಕೂಲವಿದೆ. ಮುಂದಿನ ಕಂತು ಇನ್ನೂ ಪ್ರಕಟವಾಗಿರದ ಕಾರಣ ಈ ವಾರದ ಮಾತು ಮುಂದಿನ ವಾರದ ಚಿತ್ರಕ್ಕೆ ಸೇರಬಲ್ಲದು.

ಬಳಗಕ್ಕೆ ಮೊದಲು ಕಂತು

ನಿಗದಿತ ದಿನಕ್ಕೆ ಕಂತು ಬರುತ್ತದೆ ಎಂಬ ಭರವಸೆಯಿಲ್ಲದ ಕಡೆ ಓದುಗರು ಒಟ್ಟುಗೂಡುವುದಿಲ್ಲ. ವಾರಕ್ಕೆ ಮೂರು ಕಂತು ಎಂದು ಘೋಷಿಸಿ ಮೂರನೆಯ ವಾರಕ್ಕೆ ಸೋಲುವುದಕ್ಕಿಂತ, ವಾರಕ್ಕೆ ಒಂದೇ ಕಂತನ್ನು ಒಂದೇ ದಿನ, ಒಂದೇ ಹೊತ್ತಿಗೆ ಕೊಡುವುದು ಒಳಿತು. ಮೊದಲ ಕಂತು ಪ್ರಕಟಿಸುವ ಮುನ್ನವೇ ಆರೇಳು ಕಂತುಗಳನ್ನು ಮುಗಿಸಿ ಇಟ್ಟುಕೊಂಡರೆ ಪರೀಕ್ಷೆ, ಹಬ್ಬ, ಮದುವೆ, ಜ್ವರ ಯಾವುದು ಬಂದರೂ ಸರಣಿ ನಿಲ್ಲುವುದಿಲ್ಲ. ವಿಶ್ವವಿದ್ಯಾಲಯದ ಪರೀಕ್ಷೆಗಳ ಕಾಲಕ್ಕೆ ಬಿಡುವು ತೆಗೆದುಕೊಳ್ಳಬೇಕಾದರೆ ಅದನ್ನು ಮುಂಚಿತವಾಗಿ ತಿಳಿಸಿ, ಮರಳುವ ದಿನಾಂಕವನ್ನೂ ಹೇಳಬೇಕು; ಹೇಳದೆ ನಿಂತ ಸರಣಿಗೆ ಓದುಗರು ಮರಳಿ ಬರುವುದು ಅಪರೂಪ.

ಕನ್ನಡದ ಅಕ್ಷರಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಮಾತಿನ ಗುಳ್ಳೆಯಲ್ಲಿ, ಅಂದರೆ ಪಾತ್ರದ ಮಾತನ್ನು ಬರೆಯುವ ದುಂಡನೆಯ ಜಾಗದಲ್ಲಿ, ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬಿಡಬೇಕಾಗುತ್ತದೆ. ಕೆಲವು ಚಿತ್ರ ತಂತ್ರಾಂಶಗಳಲ್ಲಿ ಭಾರತೀಯ ಭಾಷೆಗಳ ಅಕ್ಷರ ಜೋಡಣೆಯ ಆಯ್ಕೆಯನ್ನು ಪ್ರತ್ಯೇಕವಾಗಿ ಆನ್ ಮಾಡದಿದ್ದರೆ ಗುಣಿತಾಕ್ಷರಗಳು ಒಡೆದು ಕಾಣುತ್ತವೆ, ಆಗ ಓದುಗರ ಮಾತೆಲ್ಲ ಕಥೆಯನ್ನು ಬಿಟ್ಟು ಅಕ್ಷರದ ತಪ್ಪಿನತ್ತ ಹೊರಳುತ್ತದೆ. ‘ಬಾಲೂ ತಮ್ಮ’, ‘ನೋಟೊ ಸಾನ್ಸ್ ಕನ್ನಡ’ ಮುಂತಾದ ಮುಕ್ತ ಪರವಾನಗಿಯ ಯೂನಿಕೋಡ್ ಫಾಂಟ್‌ಗಳು ಉಚಿತವಾಗಿ ದೊರೆಯುತ್ತವೆ. ಚಿತ್ರದೊಳಗಿನ ಅಕ್ಷರಗಳನ್ನು ಹುಡುಕಾಟದ ಯಂತ್ರಗಳಾಗಲಿ, ದೃಷ್ಟಿದೋಷವುಳ್ಳವರು ಬಳಸುವ ಓದುವ ತಂತ್ರಾಂಶಗಳಾಗಲಿ ಸುಲಭವಾಗಿ ಗ್ರಹಿಸಲಾರವು. ಆದ್ದರಿಂದ ಪ್ರತಿ ಕಂತಿನ ಸಂಭಾಷಣೆಯನ್ನು ಚಿತ್ರದ ಕೆಳಗೆ ಪಠ್ಯವಾಗಿಯೂ ಕೊಡುವುದು ಕ್ಷೇಮ.

ಎಲ್ಲಿ ಸೇರಬೇಕು

ಕಂತು ಪ್ರಕಟವಾಗುವ ಜಾಗ ಮತ್ತು ಓದುಗರು ಮಾತಾಡುವ ಜಾಗ ಎರಡೂ ಒಂದೇ ಆಗಿರಬೇಕಿಲ್ಲ. ಇನ್‌ಸ್ಟಾಗ್ರಾಂ ಹೊಸಬರ ಕಣ್ಣಿಗೆ ಬೀಳಲು ಒಳ್ಳೆಯ ಜಾಗ, ಆದರೆ ಅಲ್ಲಿನ ಮಾತು ಎರಡು ದಿನಗಳಲ್ಲಿ ಮುಳುಗಿಹೋಗುತ್ತದೆ. ನಿಂತು ಮಾತಾಡಲು ವಾಟ್ಸಾಪ್, ಟೆಲಿಗ್ರಾಂ ಅಥವಾ ಡಿಸ್ಕಾರ್ಡ್‌ನಂತಹ ತಾಣ ಬೇಕಾಗುತ್ತದೆ. ದಾವಣಗೆರೆ, ಹರಿಹರಗಳಲ್ಲಿ ವಿದ್ಯಾರ್ಥಿಗಳಿಂದ ಹಿಡಿದು ಅಂಗಡಿಯವರ ತನಕ ಎಲ್ಲರ ಫೋನಿನಲ್ಲಿರುವುದು ವಾಟ್ಸಾಪ್ ಆದ್ದರಿಂದ ಮೊದಲ ಒಲವು ಅದರ ಕಡೆಗೆ ಹೋಗುವುದು ಸಹಜ. ಒಂದು ಗುಂಪಿನಲ್ಲಿ 1024 ಜನರವರೆಗೆ ಇರಬಹುದಾದರೂ ಅಲ್ಲಿ ಸದಸ್ಯರ ಫೋನ್ ಸಂಖ್ಯೆ ಉಳಿದವರಿಗೆ ಕಾಣುತ್ತದೆ ಎಂಬ ಕಾರಣಕ್ಕೆ ಅನೇಕ ಹೆಣ್ಣುಮಕ್ಕಳು ಸೇರಲು ಹಿಂಜರಿಯುತ್ತಾರೆ. 2023ರಲ್ಲಿ ಭಾರತಕ್ಕೆ ಬಂದ ವಾಟ್ಸಾಪ್ ಚಾನೆಲ್‌ನಲ್ಲಿ ಅನುಸರಿಸುವವರ ಫೋನ್ ಸಂಖ್ಯೆ ಇತರ ಅನುಸರಿಸುವವರಿಗೆ ಕಾಣುವುದಿಲ್ಲ, ಆದರೆ ಅಲ್ಲಿ ಓದುಗರು ತಮ್ಮೊಳಗೆ ಮಾತಾಡಲೂ ಆಗುವುದಿಲ್ಲ. ಹೀಗಾಗಿ ಕಂತಿನ ಸೂಚನೆಗೆ ಚಾನೆಲ್, ಮಾತುಕತೆಗೆ ಸಂಖ್ಯೆ ಮರೆಮಾಡಬಹುದಾದ ಟೆಲಿಗ್ರಾಂ ಗುಂಪು ಎಂದು ವಿಂಗಡಿಸಿಕೊಳ್ಳುವುದು ಅನುಕೂಲಕರ. ಮೊದಲ ದಿನವೇ ನಾಲ್ಕೈದು ಕಡೆ ಗುಂಪು ತೆರೆದರೆ ಇರುವ ಕೆಲವೇ ಓದುಗರು ಹಂಚಿಹೋಗಿ ಎಲ್ಲೆಡೆಯೂ ಮೌನವೇ ಉಳಿಯುತ್ತದೆ.

ಪ್ರಶ್ನೆ ಕೇಳುವ ಬಗೆ

ಕಂತಿನ ಕೆಳಗೆ ‘ಹೇಗಿದೆ ತಿಳಿಸಿ’ ಎಂದು ಬರೆದರೆ ‘ಸೂಪರ್’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಓದುಗರು ತಮ್ಮ ಅನುಭವದಿಂದ ಮಾತ್ರ ಉತ್ತರಿಸಬಲ್ಲ, ಒಬ್ಬರ ಉತ್ತರ ಇನ್ನೊಬ್ಬರನ್ನು ಮಾತಿಗೆಳೆಯಬಲ್ಲ ಪ್ರಶ್ನೆ ಬೇಕು. ದಾವಣಗೆರೆ–ಹರಿಹರ ನಡುವೆ ದಿನವೂ ಓಡಾಡುವ ಒಬ್ಬ ವಿದ್ಯಾರ್ಥಿನಿಯ ಕಥೆಯಲ್ಲಿ ನಾಲ್ಕು ಚೌಕಟ್ಟುಗಳ ಒಂದು ಕಂತು ಇದೆಯೆಂದು ಭಾವಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಮೊದಲ ಚೌಕಟ್ಟಿನಲ್ಲಿ ಆಕೆ ಕಂಡಕ್ಟರಿಗೆ ನೂರರ ನೋಟು ಕೊಡುತ್ತಾಳೆ. ಎರಡನೆಯದರಲ್ಲಿ ಆತ ‘ಇಳಿಯುವಾಗ ಇಸ್ಕೊಳ್ಳಮ್ಮ’ ಎಂದು ಬಾಕಿ ಚಿಲ್ಲರೆಯನ್ನು ಟಿಕೆಟ್ಟಿನ ಹಿಂದೆ ಬರೆಯುತ್ತಾನೆ. ಮೂರನೆಯದರಲ್ಲಿ ಹರಿಹರ ಬಂದಾಕ್ಷಣ ಆಕೆ ಗಡಿಬಿಡಿಯಿಂದ ಇಳಿಯುತ್ತಾಳೆ. ನಾಲ್ಕನೆಯದರಲ್ಲಿ ಹರಿಹರೇಶ್ವರ ದೇವಸ್ಥಾನದ ಬಳಿ ಜೇಬಿನಿಂದ ಟಿಕೆಟ್ ತೆಗೆದು ಬಾಯಿ ಬಿಟ್ಟು ನಿಂತಿರುತ್ತಾಳೆ. ಇದರ ಕೆಳಗೆ ‘ಹೀಗೆ ಚಿಲ್ಲರೆ ಮರೆತು ನೀವು ಇಳಿದದ್ದು ಯಾವ ಸ್ಟಾಪಿನಲ್ಲಿ, ಬಾಕಿ ಎಷ್ಟಿತ್ತು?’ ಎಂದು ಕೇಳಿದರೆ ಮಲೇಬೆನ್ನೂರು, ಹೊನ್ನಾಳಿ, ಜಗಳೂರು, ರಾಣೆಬೆನ್ನೂರಿನ ಓದುಗರೆಲ್ಲರಿಗೂ ಹೇಳಲು ಏನಾದರೊಂದು ಇರುತ್ತದೆ. ಬಸ್ಸಿನ ಹಿಂದೆ ಓಡಿದವರು, ಡಿಪೋಗೆ ಹೋಗಿ ಕೇಳಿದವರು, ‘ಹೋಗ್ಲಿ ಬಿಡು’ ಎಂದು ಸುಮ್ಮನಾದವರು ತಮ್ಮತಮ್ಮಲ್ಲೇ ಚರ್ಚೆಗಿಳಿಯುತ್ತಾರೆ. ಆ ಉತ್ತರಗಳಲ್ಲಿ ಒಂದನ್ನು, ಬರೆದವರ ಒಪ್ಪಿಗೆ ಪಡೆದು, ಮುಂದಿನ ಕಂತಿನ ಒಂದು ಚೌಕಟ್ಟಾಗಿಸಿದರೆ ಬಳಗದ ಮೊದಲ ಕಲ್ಲು ಇಟ್ಟಂತಾಗುತ್ತದೆ.

ಇಂತಹ ವಸ್ತುಗಳಿಗೆ ಈ ಎರಡು ಊರುಗಳಲ್ಲಿ ಕೊರತೆಯಿಲ್ಲ. ಬೆಣ್ಣೆ ದೋಸೆಗೆ ಯಾವ ಹೋಟೆಲ್ ಮೇಲು ಎಂಬ ಮುಗಿಯದ ವಾದ, ಮಂಡಕ್ಕಿ ಭಟ್ಟಿಗಳ ಹೊಗೆ ಮತ್ತು ಸಂಜೆಯ ಮಿರ್ಚಿ–ಮಂಡಕ್ಕಿ, ದುಗ್ಗಮ್ಮನ ಜಾತ್ರೆಗೆ ಮನೆ ತುಂಬುವ ನೆಂಟರು, ಮುಚ್ಚಿದ ಹತ್ತಿ ಗಿರಣಿಗಳ ನೆನಪು, 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದ ಕುಟುಂಬಗಳ ಕಥೆಗಳು, ಇವೆಲ್ಲ ಓದುಗರೇ ಒದಗಿಸಬಲ್ಲ ಸರಕು. ಕೊನೆಯ ಎರಡು ವಿಷಯಗಳಲ್ಲಿ ಹಿರಿಯರ ನೆನಪನ್ನು ಮೊಮ್ಮಕ್ಕಳು ದಾಖಲಿಸಿ ಕಳಿಸುವಂತೆ ಕೇಳಿದರೆ ಒಂದೇ ಮನೆಯಿಂದ ಇಬ್ಬರು ಓದುಗರು ದೊರೆತಂತಾಗುತ್ತದೆ.

ಓದುಗರಿಗೆ ಕೆಲಸ ಹಂಚುವುದು

ಅಂತರಜಾಲದ ಗುಂಪುಗಳಲ್ಲಿ ಸುಮಾರು 90 ಪಾಲು ಜನ ಓದುವುದಷ್ಟನ್ನೇ ಮಾಡುತ್ತಾರೆ, 9 ಪಾಲು ಆಗೀಗ ಬರೆಯುತ್ತಾರೆ, 1 ಪಾಲು ಜನ ಮಾತ್ರ ಸದಾ ಸಕ್ರಿಯರಾಗಿರುತ್ತಾರೆ ಎಂಬ ಅಂದಾಜನ್ನು ಜಾಲತಾಣ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಮುಂದಿಟ್ಟರು. ಇದು ನಿಯಮವಲ್ಲದಿದ್ದರೂ ಲೆಕ್ಕಾಚಾರಕ್ಕೆ ಒದಗುತ್ತದೆ: 500 ಓದುಗರಿದ್ದಲ್ಲಿ ಐದು ಜನ ಹುರುಪಿನವರು ದೊರೆತರೆ ಅದು ಸೋಲಲ್ಲ, ಸಹಜ ಸ್ಥಿತಿ. ಆ ಐವರನ್ನು ಗುರುತಿಸಿ ಅವರ ಒಲವಿಗೆ ತಕ್ಕ ಹೊಣೆ ಕೊಡುವುದು, ಉಳಿದವರಿಗೆ ಅರ್ಧ ನಿಮಿಷದಲ್ಲಿ ಮುಗಿಯುವ ಸಣ್ಣ ಪಾಲ್ಗೊಳ್ಳುವಿಕೆ ಒದಗಿಸುವುದು ಕಲಾವಿದರ ಕೆಲಸ.

ಸಣ್ಣ ಪಾಲ್ಗೊಳ್ಳುವಿಕೆಗೆ ಮತದಾನ, ಖಾಲಿ ಮಾತಿನ ಗುಳ್ಳೆಗೆ ಸಂಭಾಷಣೆ ತುಂಬುವುದು, ಪಾತ್ರಕ್ಕೆ ಅಡ್ಡಹೆಸರು ಸೂಚಿಸುವುದು ಸಾಕಾಗುತ್ತವೆ. ದೊಡ್ಡ ಹೊಣೆಗಳ ಪೈಕಿ ಸಂಭಾಷಣೆಯನ್ನು ಪಠ್ಯರೂಪಕ್ಕೆ ಇಳಿಸುವುದು ಮುಖ್ಯವಾದದ್ದು. ಕೆನಡಾದ ವೆಬ್‌ಕಾಮಿಕ್ ಲೇಖಕ ರಯಾನ್ ನಾರ್ತ್ ಇದೇ ಉದ್ದೇಶಕ್ಕೆ ‘ಓ ನೋ ರೋಬೋಟ್’ ಎಂಬ ವ್ಯವಸ್ಥೆ ರೂಪಿಸಿ, ಓದುಗರೇ ಹಳೆಯ ಕಂತುಗಳ ಮಾತುಗಳನ್ನು ಬರೆದು ಹುಡುಕಾಟಕ್ಕೆ ಸಿಗುವಂತೆ ಮಾಡಿದರು. ಅಕ್ಷರ ದೋಷ ನೋಡುವುದು, ಪಾತ್ರ ಮತ್ತು ಸ್ಥಳಗಳ ಪಟ್ಟಿ ಇಡುವುದು, ಹೊಸಬರನ್ನು ಸ್ವಾಗತಿಸಿ ಎಲ್ಲಿಂದ ಓದಬೇಕೆಂದು ಹೇಳುವುದು, ಹರಿಹರದ ಕಡೆಯ ಮಾತು ಸರಿಯಾಗಿ ಮೂಡಿದೆಯೇ ಎಂದು ನೋಡುವುದು, ಇವೂ ನಿಜವಾದ ಕೆಲಸಗಳೇ. ಕೆಲಸ ಮಾಡಿದವರ ಹೆಸರನ್ನು ಅವರ ಇಚ್ಛೆಯಂತೆ ಕಂತಿನ ಕೊನೆಯಲ್ಲಿ ನಮೂದಿಸುವುದನ್ನು ಮರೆಯಬಾರದು.

ಕಥೆಯ ದಾರಿಯನ್ನೇ ಓದುಗರ ಕೈಗೆ ಕೊಡುವುದು ಮಾತ್ರ ಬೇರೆ ಮಾತು. ಅಮೆರಿಕದ ಆಂಡ್ರ್ಯೂ ಹಸ್ಸಿ 2009ರಲ್ಲಿ ಆರಂಭಿಸಿದ ‘ಹೋಮ್‌ಸ್ಟಕ್’ ವೆಬ್‌ಕಾಮಿಕ್ ಮೊದಲು ಓದುಗರ ಸಲಹೆಯಂತೆ ಮುಂದುವರಿಯುತ್ತಿತ್ತು. ಸಲಹೆಗಳ ಸಂಖ್ಯೆ ಕೈಮೀರಿದಾಗ ಆ ಪದ್ಧತಿಯನ್ನು ಕೈಬಿಡಬೇಕಾಯಿತು. ಕಥೆಯ ಮುಖ್ಯ ತಿರುವುಗಳನ್ನು ಕಲಾವಿದರು ತಮ್ಮಲ್ಲೇ ಇಟ್ಟುಕೊಂಡು, ವಿವರಗಳನ್ನು ಓದುಗರಿಗೆ ಬಿಡುವುದು ಎರಡೂ ಕಡೆಯವರಿಗೆ ಹಿತ.

ಮೊದಲ ಐವತ್ತು ಓದುಗರು

ಅಪರಿಚಿತ ಸಾವಿರ ಜನರಿಗೆ ಜಾಹೀರಾತು ಕಳಿಸುವುದಕ್ಕಿಂತ, ಮುಖ ಪರಿಚಯವಿರುವ ಐವತ್ತು ಜನರಿಂದ ಆರಂಭಿಸುವುದು ಈ ಪ್ರಮಾಣದ ಊರುಗಳಲ್ಲಿ ಹೆಚ್ಚು ಫಲ ಕೊಡುತ್ತದೆ. ದಾವಣಗೆರೆಯಲ್ಲಿ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಹಾಸ್ಟೆಲ್‌ಗಳಲ್ಲಿ ಬೇರೆ ಜಿಲ್ಲೆಗಳಿಂದ ಬಂದು ಊರನ್ನು ಹೊಸ ಕಣ್ಣಿನಿಂದ ನೋಡುವ ವಿದ್ಯಾರ್ಥಿಗಳಿದ್ದಾರೆ. ‘ಜನತಾವಾಣಿ’ಯಂತಹ ಸ್ಥಳೀಯ ದಿನಪತ್ರಿಕೆಗಳನ್ನು ದಿನವೂ ಓದುವ ಮನೆಗಳಿವೆ. ಕಾಲೇಜಿನ ಸೂಚನಾ ಫಲಕದಲ್ಲಿ, ಗ್ರಂಥಾಲಯದಲ್ಲಿ, ಒಪ್ಪುವ ಹೋಟೆಲ್ ಮತ್ತು ಜೆರಾಕ್ಸ್ ಅಂಗಡಿಗಳಲ್ಲಿ ಒಂದು ಪೂರ್ತಿ ಕಂತನ್ನು ಮುದ್ರಿಸಿ, ಕೆಳಗೆ ಮೊಬೈಲಿನಿಂದ ಸ್ಕ್ಯಾನ್ ಮಾಡಬಹುದಾದ ಕ್ಯೂಆರ್ ಕೋಡ್ ಹಾಕಿ ಅಂಟಿಸುವುದು ಅಗ್ಗದ ದಾರಿ. ಅಂಟಿಸಿದ ಕಂತು ತಾನಾಗಿಯೇ ಮುಗಿಯುವ ನಗೆಕಥೆಯಾಗಿರಬೇಕು, ಅರ್ಧಕ್ಕೆ ನಿಂತ ಧಾರಾವಾಹಿಯ ತುಂಡಾಗಿರಬಾರದು.

ಪರದೆಯ ಮೇಲಿನ ಬಳಗ ಆಗಾಗ ಮುಖಾಮುಖಿ ಸೇರಿದರೆ ಗಟ್ಟಿಯಾಗುತ್ತದೆ. 1998ರಲ್ಲಿ ಆರಂಭವಾದ ಅಮೆರಿಕದ ‘ಪೆನಿ ಆರ್ಕೇಡ್’ ವೆಬ್‌ಕಾಮಿಕ್‌ನವರು 2004ರಲ್ಲಿ ಏರ್ಪಡಿಸಿದ ಓದುಗರ ಸಮಾವೇಶ ಮುಂದೆ ಭಾರಿ ವಾರ್ಷಿಕ ಮೇಳವಾಗಿ ಬೆಳೆಯಿತು. ಇಲ್ಲಿ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ಕುಂದುವಾಡ ಕೆರೆಯ ಬಳಿ ಅಥವಾ ಹರಿಹರದ ತುಂಗಭದ್ರಾ ತೀರದಲ್ಲಿ ಚಿತ್ರ ಬರೆಯುವ ಕೂಟ ನಡೆಸಿದರೆ ಸಾಕು. ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 13ನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಮಂಟಪ ಹಾಗೂ ಕಂಬಗಳು ಗೆರೆ ಹಾಕಿ ಕಲಿಯುವವರಿಗೆ ಒಳ್ಳೆಯ ಪಾಠಶಾಲೆ. ಚಿತ್ರ ಬರೆಯಲು ಬಾರದ ಓದುಗರಿಗೂ ಅಲ್ಲಿ ಕೆಲಸವಿರಬೇಕು: ಒಬ್ಬರು ಬರೆದ ಚಿತ್ರಕ್ಕೆ ಇನ್ನೊಬ್ಬರು ಮಾತು ಕಟ್ಟಬಹುದು.

ನಿಯಮ ಮತ್ತು ನಿಗಾ

ಗುಂಪಿನಲ್ಲಿ ನಡೆಯುವ ಮಾತಿನ ಮೇಲೆ ಕಣ್ಣಿಟ್ಟು, ಬೇಡದ್ದನ್ನು ತೆಗೆಯುವವರು ಅಡ್ಮಿನ್‌ಗಳು. ಜಗಳ ಹುಟ್ಟಿದ ಮೇಲೆ ನಿಯಮ ಮಾಡಿದರೆ ಅದು ಒಬ್ಬರ ವಿರುದ್ಧ ಮಾಡಿದಂತೆ ಕಾಣುವುದರಿಂದ ಗುಂಪು ತೆರೆಯುವ ದಿನವೇ ಐದಾರು ಸಾಲಿನ ನಿಯಮಗಳನ್ನು ಸರಳ ಕನ್ನಡದಲ್ಲಿ ಬರೆದು ಮೇಲ್ಗಡೆ ಅಂಟಿಸಿಡಬೇಕು. ಜಾತಿ, ಧರ್ಮ, ಪಕ್ಷಗಳ ನಿಂದನೆಗೆ, ಬೆಳಗಿನ ಶುಭಾಶಯದ ಚಿತ್ರಗಳಿಗೆ, ಜಾಹೀರಾತಿಗೆ ಇಲ್ಲಿ ಜಾಗವಿಲ್ಲ ಎಂಬುದು, ಇತರರ ಫೋಟೊ ಅಥವಾ ಸಂಖ್ಯೆಯನ್ನು ಹೊರಗೆ ಹಂಚಬಾರದು ಎಂಬುದು, ತಪ್ಪಿದವರಿಗೆ ಮೊದಲು ಎಚ್ಚರಿಕೆ, ಮತ್ತೆ ತಪ್ಪಿದರೆ ಹೊರಗೆ ಎಂಬ ಕ್ರಮ, ಇಷ್ಟು ಸ್ಪಷ್ಟವಿದ್ದರೆ ಬಹುಪಾಲು ತಂಟೆ ತಪ್ಪುತ್ತದೆ. ದಾವಣಗೆರೆಯಿಂದೊಬ್ಬರು, ಹರಿಹರದಿಂದೊಬ್ಬರು, ಅವರಲ್ಲಿ ಕನಿಷ್ಠ ಒಬ್ಬ ಮಹಿಳೆ ಎಂಬಂತೆ ಅಡ್ಮಿನ್‌ಗಳನ್ನು ಆರಿಸಿದರೆ ದೂರು ಹೇಳಿಕೊಳ್ಳುವವರಿಗೆ ಧೈರ್ಯವಿರುತ್ತದೆ. ಟೀಕೆಯನ್ನು ಮಾತ್ರ ಅಳಿಸಬಾರದು. ಕಥೆ ಸಪ್ಪೆಯಾಗಿದೆ ಎನ್ನುವ ಓದುಗ ಅದನ್ನು ಪೂರ್ತಿ ಓದಿರುವವನು.

ಚಿತ್ರಕಥೆಗೆ ಮಕ್ಕಳು ಬರುವುದು ಖಚಿತವಾದ್ದರಿಂದ ಅವರ ವಿಷಯದಲ್ಲಿ ಇನ್ನಷ್ಟು ಜಾಗ್ರತೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ವೈಯಕ್ತಿಕ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಸ್ಪರ್ಧೆಯ ನೆಪದಲ್ಲಿ ಶಾಲೆ, ವಿಳಾಸ, ಜನ್ಮದಿನಗಳನ್ನು ಸಂಗ್ರಹಿಸದೆ, ಮಕ್ಕಳ ಚಿತ್ರಗಳನ್ನು ತಂದೆ–ತಾಯಿಯ ಮೂಲಕವೇ ತರಿಸಿಕೊಂಡು, ಹೆಸರಿನ ಮೊದಲ ಭಾಗವಷ್ಟನ್ನೇ ಪ್ರಕಟಿಸುವುದು ಸುರಕ್ಷಿತ ಮಾರ್ಗ.

ಹಕ್ಕು ಮತ್ತು ಹಣ

ಓದುಗರು ಕಳಿಸಿದ ಕಥೆ, ಚಿತ್ರಗಳ ಹಕ್ಕು ಮೂಲತಃ ಅವರದೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮಿನಂತೆ ಹಕ್ಕನ್ನು ವರ್ಗಾಯಿಸುವುದು ಬರಹದ ಮೂಲಕವೇ ಆಗಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವಾಗುತ್ತದೆ. ಮುಂದೆ ಪುಸ್ತಕ ಮಾಡುವ ಆಲೋಚನೆ ಇದ್ದರೆ, ಓದುಗರ ಕೊಡುಗೆಯನ್ನು ಎಲ್ಲೆಲ್ಲಿ ಬಳಸಲಾಗುವುದು, ಸಂಭಾವನೆ ಇದೆಯೇ, ಹೆಸರು ಎಲ್ಲಿ ಬರುವುದು ಎಂಬುದನ್ನು ಮೊದಲೇ ಬರೆದು ಒಪ್ಪಿಗೆ ಪಡೆದಿರಬೇಕು. ಓದುಗರು ಪಾತ್ರಗಳನ್ನು ತಾವೇ ಬರೆದು ಹಂಚಿಕೊಳ್ಳುವ ಅಭಿಮಾನಿ ಚಿತ್ರಗಳಿಗೆ ಯಾವ ಮಿತಿಯವರೆಗೆ ಒಪ್ಪಿಗೆ ಇದೆ ಎಂಬುದನ್ನೂ ಕಲಾವಿದರು ತಿಳಿಸಿಬಿಡುವುದು ಒಳ್ಳೆಯದು.

ಬಳಗ ಗಟ್ಟಿಯಾಗುವ ಮುನ್ನ ಹಣದ ಮಾತೆತ್ತುವುದು ಸರಿಯಲ್ಲ; ಗಟ್ಟಿಯಾದ ಮೇಲೆ ಸಂಕೋಚಪಡಬೇಕಾಗಿಲ್ಲ. ‘ದಿ ಆರ್ಡರ್ ಆಫ್ ದಿ ಸ್ಟಿಕ್’ ವೆಬ್‌ಕಾಮಿಕ್‌ನ ರಿಚ್ ಬರ್ಲ್ಯೂ, ಪ್ರತಿಗಳು ಮುಗಿದುಹೋಗಿದ್ದ ತಮ್ಮ ಪುಸ್ತಕಗಳನ್ನು ಮರುಮುದ್ರಿಸಲು 2012ರಲ್ಲಿ ಓದುಗರ ನೆರವು ಕೇಳಿದಾಗ 12 ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿತು; ವರ್ಷಗಟ್ಟಲೆ ಉಚಿತವಾಗಿ ಓದಿದವರೇ ಪುಸ್ತಕಕ್ಕೆ ಹಣ ಕೊಟ್ಟರು. ಸ್ಥಳೀಯ ಪ್ರಮಾಣದಲ್ಲಿ ಇದರರ್ಥ, ಒಂದು ವರ್ಷದ ಕಂತುಗಳನ್ನು ಸೇರಿಸಿ ಪುಸ್ತಕ ಮಾಡುವ ಮೊದಲು ಯುಪಿಐ ಮೂಲಕ ಮುಂಗಡ ಬೇಡಿಕೆ ಪಡೆದು, ಬಂದ ಬೇಡಿಕೆಯಷ್ಟೇ ಪ್ರತಿ ಅಚ್ಚು ಹಾಕಿಸುವುದು. ಬಂದ ಹಣ ಮತ್ತು ಅಚ್ಚಿನ ಖರ್ಚಿನ ಲೆಕ್ಕವನ್ನು ಬಳಗದ ಮುಂದಿಟ್ಟರೆ ಎರಡನೆಯ ಪುಸ್ತಕಕ್ಕೆ ನಂಬಿಕೆ ಉಳಿದಿರುತ್ತದೆ.

ಅಳತೆ

ಫಾಲೋವರ್‌ಗಳ ಸಂಖ್ಯೆಯಿಂದ ಬಳಗದ ಆರೋಗ್ಯ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಮೂರು ಸಂಗತಿಗಳನ್ನು ನೋಡಿಕೊಂಡರೆ ಸಾಕು: ಕಲಾವಿದರಿಗಲ್ಲದೆ ಇನ್ನೊಬ್ಬ ಓದುಗರಿಗೆ ಬರೆದ ಉತ್ತರಗಳು ಎಷ್ಟು, ಹೋದ ತಿಂಗಳು ಮಾತಾಡಿದವರಲ್ಲಿ ಈ ತಿಂಗಳೂ ಬಂದವರು ಎಷ್ಟು, ಮೊದಲ ಬಾರಿಗೆ ಬಾಯಿಬಿಟ್ಟವರು ಎಷ್ಟು. ಮೊದಲನೆಯದು ಕುಸಿದಿದ್ದರೆ ಪ್ರಶ್ನೆಗಳನ್ನು ಬದಲಿಸಬೇಕು; ಎರಡನೆಯದು ಕುಸಿದಿದ್ದರೆ ಕಂತಿನ ಶಿಸ್ತನ್ನೋ ಗುಂಪಿನ ವಾತಾವರಣವನ್ನೋ ತಪಾಸಣೆ ಮಾಡಬೇಕು; ಮೂರನೆಯದು ಸೊನ್ನೆಯಾಗಿದ್ದರೆ ಹಳಬರ ಒಳಮಾತುಗಳು ಹೊಸಬರನ್ನು ಬಾಗಿಲಲ್ಲೇ ನಿಲ್ಲಿಸಿವೆ ಎಂದರ್ಥ. ಮುಂಚಿತವಾಗಿ ತಿಳಿಸಿ ಕಲಾವಿದರು ಎರಡು ವಾರ ಬಿಡುವು ಪಡೆದಾಗಲೂ ಗುಂಪಿನಲ್ಲಿ ಮಾತು ನಡೆಯುತ್ತಿದ್ದರೆ, ಆ ಗುಂಪು ಕಲಾವಿದರೊಬ್ಬರ ಬಲದಿಂದ ನಿಂತದ್ದಲ್ಲ ಎಂಬುದು ಖಾತ್ರಿಯಾಗುತ್ತದೆ. ವರ್ಷದೊಳಗೆ ಐವತ್ತು ಜನರ ನಡುವೆ ಈ ಸ್ಥಿತಿ ಬಂದರೆ, ಮುಂದಿನ ಐನೂರು ಜನರನ್ನು ಕರೆತರುವ ಕೆಲಸದಲ್ಲಿ ಆ ಐವತ್ತು ಜನರೂ ಕೈಜೋಡಿಸುತ್ತಾರೆ.